ಸಿನಿಮಾದ ಅಡುಗೆಮನೆಯಲ್ಲಿ ಮುಸುರೆ ತಿಕ್ಕುವವರು ಯಾರು?

ಗಂಡಸರು ಸಿನಿಮಾ ನೋಡುವ ರೀತಿಯೇ ಬೇರೆ, ನಾವು ನೋಡುವ ರೀತಿಯೇ ಬೇರೆ. ಅವರು ಕುರ್ಚಿಯಲ್ಲಿ ಕುಳಿತರೆಂದರೆ ‘ಶುಭಂ’ ಬರುವ ತನಕ ಏಳುವವರಲ್ಲ. ನಮ್ಮದು ಹಾಗೆ ನಡೆಯುತ್ತದೆಯೇ? ನಾಯಕಿಗೆ ಕಷ್ಟ ಬರುವ ಹೊತ್ತಿಗೆ ಸರಿಯಾಗಿ ಕುಕ್ಕರ್ ಕೂಗುತ್ತದೆ. ಅವಳ ಕಷ್ಟ ತೀರುವ ಹೊತ್ತಿಗೆ ಗ್ಯಾಸಿನವನು ಬಾಗಿಲಲ್ಲಿ ನಿಂತಿರುತ್ತಾನೆ. ನಡುವೆ ಏನಾಯ್ತು ಅಂತ ಕೇಳಿದರೆ ‘ಏನಿಲ್ಲ, ಸ್ವಲ್ಪ ಅತ್ತಳು, ಅಷ್ಟೆ’ ಎಂಬ ಉತ್ತರ ಬರುತ್ತದೆ. ಎರಡೂವರೆ ಗಂಟೆಯ ಚಿತ್ರ ನಮಗೆ ನಾಲ್ಕು ದಿನದ ಬಾಬತ್ತು.

ಮುಂಚೆ ಮ್ಯಾಟಿನಿ ಅಂತ ಒಂದಿತ್ತು. ಮಧ್ಯಾಹ್ನದ ಊಟ ಮುಗಿಸಿ, ಸಂಜೆಯ ಕಾಫಿಗೆ ಹಾಲು ಕಾಯಿಸಿ ಮುಚ್ಚಿಟ್ಟು, ನಾಲ್ಕು ಮನೆಯ ಹೆಂಗಸರು ಒಟ್ಟಾಗಿ ಹೊರಟರೆ ಮೂರು ಗಂಟೆ ಕಾಲ ಯಾರ ಕೂಗೂ ಕಿವಿಗೆ ಬೀಳುತ್ತಿರಲಿಲ್ಲ. ನಮ್ಮೂರಿನಲ್ಲಿದ್ದ ಎರಡು ಟಾಕೀಸುಗಳಲ್ಲಿ ಒಂದು ಈಗ ಕಲ್ಯಾಣಮಂಟಪ. ಇನ್ನೊಂದರಲ್ಲಿ ದೊಡ್ಡ ಚಿತ್ರ ಬಂದಾಗ ಮಾತ್ರ ಜನ. ಹಾಗಂತ ನೋಡುವುದಕ್ಕೇನೂ ಬರಗಾಲವಿಲ್ಲ. ಬೆಂಗಳೂರಿನಲ್ಲಿರುವ ಮಗಳು ಅದ್ಯಾವುದೋ ಚಂದಾ ಕಟ್ಟಿ, ಟೀವಿಯೊಳಗೇ ಹತ್ತು ಭಾಷೆಯ ಚಿತ್ರ ಬರುವ ಹಾಗೆ ಮಾಡಿಕೊಟ್ಟಿದ್ದಾಳೆ. ಹಳೆಯ ಕನ್ನಡ ಚಿತ್ರಗಳು ಮೊಬೈಲಿನಲ್ಲೇ ಪುಕ್ಕಟೆ ಸಿಗುತ್ತವೆ. ನಡುನಡುವೆ ಸೋಪಿನ ಜಾಹೀರಾತು ಬರುತ್ತದೆ ನಿಜ. ಅಷ್ಟರಲ್ಲಿ ಒಂದು ಒಗ್ಗರಣೆ ಹಾಕಿ ಬರಬಹುದು!

ಹೀಗೆ ಕಂತುಕಂತಾಗಿ ನೋಡುತ್ತ ಹೋದಂತೆ ಒಂದು ವಿಷಯ ಗಮನಕ್ಕೆ ಬಂತು. ತೆರೆಯ ಮೇಲೆ ಯಾವ ಮನೆ ತೋರಿಸಿದರೂ ನನ್ನ ಕಣ್ಣು ನೆಟ್ಟಗೆ ಅಡುಗೆಮನೆಗೆ ಹೋಗುತ್ತದೆ. ಒಲೆಯ ಮೇಲೆ ಏನಿದೆ? ಬಡಿಸುವವರು ಯಾರು? ಕೊನೆಯಲ್ಲಿ ಉಣ್ಣಲು ಕೂತವಳಿಗೆ ಸಾರು ಉಳಿದಿತ್ತೇ? ಮುಸುರೆಯನ್ನು ತಿಕ್ಕಿದವರು ಯಾರು? ಹೀರೋ ಯಾರನ್ನು ಹೊಡೆದ ಅನ್ನೋದು ಮರೆತುಹೋಗುತ್ತದೆ, ಇದು ಮರೆಯುವುದಿಲ್ಲ. ವೃತ್ತಿಯ ದೋಷ ಎನ್ನಿ. ದರ್ಜಿಯಾದವನು ಸಿನಿಮಾ ನೋಡಿದರೆ ನಾಯಕಿಯ ರವಿಕೆಯ ಹೊಲಿಗೆ ನೋಡುತ್ತಾನಂತಲ್ಲ, ಹಾಗೆ.

ಈ ಲೆಕ್ಕದಲ್ಲಿ ನೋಡಿದರೆ ನಮ್ಮ ಧಾರಾವಾಹಿಗಳ ಅಡುಗೆಮನೆಯಷ್ಟು ಸುಳ್ಳು ಅಡುಗೆಮನೆ ಇನ್ನೊಂದಿಲ್ಲ. ಜರಿ ಸೀರೆ, ಕತ್ತಿನ ತುಂಬ ಒಡವೆ, ಬಿಚ್ಚಿದ ಕೂದಲು. ಆ ಕೂದಲು ಸಾರಿನೊಳಗೆ ಬೀಳುವುದಿಲ್ಲವೇ ಅಂತ ನಮ್ಮ ಅತ್ತೆಯವರಿಗೆ ಪ್ರತಿದಿನ ಸಂಕಟ. ಹೆಚ್ಚುವ ಮಣೆಯ ಮೇಲೆ ಸದಾ ಒಂದೇ ಕ್ಯಾರೆಟ್. ಅದನ್ನು ಹೆಚ್ಚುತ್ತಾ ಹೆಚ್ಚುತ್ತಾ ಮೂರು ಕಂತು ಪಿತೂರಿ ನಡೆಯುತ್ತದೆ. ಒಬ್ಬಳಾದರೂ ಅಕ್ಕಿ ತೊಳೆದದ್ದು, ಸಿಂಕಿನ ಕಸ ಬಳಿದದ್ದು, ಒಲೆ ಒರೆಸಿದ್ದು ನೋಡಿದ್ದೀರಾ? ವಿಷ ಬೆರೆಸುವುದಕ್ಕೆ ಹಾಲು, ಬೀಳಿಸುವುದಕ್ಕೆ ತಟ್ಟೆ, ಇಷ್ಟೇ ಅಲ್ಲಿ ಪಾತ್ರೆಪಗಡದ ಉಪಯೋಗ.

ಎಲ್ಲವೂ ಹಾಗೆಯೇ ಎಂದರೆ ಅನ್ಯಾಯವಾದೀತು. 2021ರಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಉಮಾಶ್ರೀ ಅವರ ಪುಟ್ಟಕ್ಕ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವವಳು. ಗಂಡು ಮಗು ಹುಟ್ಟಲಿಲ್ಲ ಅಂತ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಕತೆ. ಮುಂದೆ ಅದೂ ಎಲ್ಲ ಧಾರಾವಾಹಿಗಳ ದಾರಿ ಹಿಡಿದು ಎಲ್ಲೆಲ್ಲಿಗೋ ಹೋಯಿತು, ಬಿಡಿ. ಆದರೆ ಉಮಾಶ್ರೀ ಸೆರಗು ಸಿಕ್ಕಿಸಿಕೊಂಡು ಸೌಟು ಹಿಡಿದರೆ ಅದು ಸೌಟು ಹಿಡಿದು ಬಲ್ಲ ಕೈ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಅಡುಗೆಯಿಂದ ದುಡ್ಡು ಬರುತ್ತದೆ, ಆ ದುಡ್ಡಿನಿಂದ ಮಕ್ಕಳು ಓದುತ್ತಾರೆ ಅನ್ನುವ ಲೆಕ್ಕವನ್ನು ಅಷ್ಟು ದೊಡ್ಡದಾಗಿ ತೋರಿಸಿದ್ದೇ ಸಂತೋಷ.

ಮಗಳು ಹಾಕಿಕೊಟ್ಟ ಚಿತ್ರಗಳಲ್ಲಿ ಮೊದಲನೆಯದು ಮಲಯಾಳದ ‘ದ ಗ್ರೇಟ್ ಇಂಡಿಯನ್ ಕಿಚನ್’. 2021ರಲ್ಲಿ ಬಂದದ್ದು, ಜಿಯೋ ಬೇಬಿ ನಿರ್ದೇಶನ. ಹೆಸರೇ ಅಡುಗೆಮನೆ! ಭಾಷೆ ಬಾರದಿದ್ದರೂ ಚಿಂತೆಯಿಲ್ಲ, ಅರ್ಧಕ್ಕರ್ಧ ಮಾತೇ ಇಲ್ಲ. ಪಾತ್ರೆಯ ಸದ್ದು, ಒಗ್ಗರಣೆಯ ಚಟಪಟ, ಕಸಬರಿಕೆಯ ಸರಸರ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ, ಅವಳ ಗಂಡ, ಮಾವ, ಅತ್ತೆ. ಗಂಡ ಹೆಂಡತಿ ಇಬ್ಬರಿಗೂ ಚಿತ್ರದಲ್ಲಿ ಹೆಸರೇ ಇಲ್ಲ. ನಿಮ್ಮ ಮನೆಯ ಹೆಸರನ್ನೇ ಹಾಕಿಕೊಳ್ಳಿ ಅಂತಲೋ ಏನೋ.

ಮೊದಲರ್ಧ ಗಂಟೆ ನೋಡುತ್ತಿದ್ದರೆ ಬಾಯಲ್ಲಿ ನೀರೂರುತ್ತದೆ. ಏನು ತಿಂಡಿ, ಏನು ಪಲ್ಯ, ಎಷ್ಟು ಬಗೆ! ಆಮೇಲೆ ಅದೇ ಬಗೆ ಮರುದಿನ, ಅದರ ಮರುದಿನ. ಮಾವನವರಿಗೆ ಅನ್ನ ಕುಕ್ಕರಿನಲ್ಲಿ ಆಗಬಾರದು, ಸೌದೆ ಒಲೆಯ ಮೇಲೇ ಬೇಯಬೇಕು. ಚಟ್ನಿಗೆ ಮಿಕ್ಸಿ ಬೇಡ, ಕಲ್ಲಿನಲ್ಲೇ ಅರೆಯಬೇಕು. ಬಟ್ಟೆಗೆ ಮೆಷಿನ್ ಬೇಡ, ಕೈಯಲ್ಲೇ ಒಗೆಯಬೇಕು. ಬೆಳಗ್ಗೆ ಹಲ್ಲುಜ್ಜುವ ಬ್ರಷ್ಷನ್ನು ಕೈಗೆ ತಂದುಕೊಡಬೇಕು. ಈ ಮಾವ ಒಂದು ದಿನವೂ ದನಿ ಎತ್ತರಿಸುವುದಿಲ್ಲ, ಅದೇ ಈ ಚಿತ್ರದ ಹೆಚ್ಚುಗಾರಿಕೆ. ಬೈಯುವ ಮಾವನಿಗೆ ಎದುರುತ್ತರ ಕೊಡಬಹುದು. ‘ಮಗಳೇ’ ಅಂತ ಮೆಲ್ಲಗೆ ಕರೆದು ಒರಳ ಮುಂದೆ ಕೂರಿಸುವವರಿಗೆ ಏನಂತ ಹೇಳುತ್ತೀರಿ? ಒರಳಿನ ಚಟ್ನಿ ರುಚಿ ಅನ್ನುವುದು ನನಗೂ ಗೊತ್ತು ಸ್ವಾಮಿ. ಅಷ್ಟು ರುಚಿ ಬೇಕಾದವರು ರುಬ್ಬುಗುಂಡನ್ನೂ ತಿರುಗಿಸಲಿ.

ಗಂಡಸರಿಬ್ಬರೂ ಉಂಡೆದ್ದ ಮೇಲೆ ಮೇಜಿನ ಮೇಲೆಲ್ಲ ಅಗಿದುಗಿದ ನುಗ್ಗೆಕಾಯಿ ಸಿಪ್ಪೆ. ಅದೇ ಮೇಜಿನ ಮುಂದೆ ಅತ್ತೆ ಸೊಸೆ ಉಣ್ಣಬೇಕು. ಹೋಟೆಲಿಗೆ ಹೋದಾಗ ಮಾತ್ರ ಗಂಡ ಎಂಜಲನ್ನು ನೀಟಾಗಿ ತಟ್ಟೆಯ ಅಂಚಿಗಿಡುತ್ತಾನೆ. ‘ಇಲ್ಲಿ ಗೊತ್ತಾಗುತ್ತಲ್ಲ ನಿಮಗೆ’ ಎಂಬರ್ಥದಲ್ಲಿ ಅವಳು ನಗುತ್ತ ಅಂದಳು, ಅಷ್ಟಕ್ಕೇ ಅವನಿಗೆ ಅವಮಾನ. ಕ್ಷಮಾಪಣೆ ಕೇಳುವ ತನಕ ಬಿಡಲಿಲ್ಲ.

ಅಡುಗೆಮನೆಯ ಸಿಂಕಿನ ಕೆಳಗೆ ಕೊಳವೆ ಸೋರುತ್ತಿರುತ್ತದೆ. ‘ಪ್ಲಂಬರಿಗೆ ಹೇಳಿ’ ಅಂತ ಅವಳು ಹೇಳುತ್ತಲೇ ಇರುತ್ತಾಳೆ, ಅವನು ಮರೆಯುತ್ತಲೇ ಇರುತ್ತಾನೆ. ಕೆಳಗಿಟ್ಟ ಬಕೆಟ್ಟು ತುಂಬುತ್ತದೆ, ನಾರುತ್ತದೆ, ರಾತ್ರಿ ಮಲಗಿದರೂ ಕೈಯ ವಾಸನೆ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಈ ಘಟ್ಟದಲ್ಲೇ ವಾದ ಹತ್ತಿದ್ದು. ಪೇಪರ್ ಓದುವಂತೆ ನಟಿಸುತ್ತ ಒಂದು ಕಣ್ಣು ಟೀವಿಯ ಮೇಲಿಟ್ಟಿದ್ದ ನಮ್ಮವರು, ‘ಅಷ್ಟು ಕಷ್ಟ ಆದರೆ ಪ್ಲಂಬರಿಗೆ ಅವಳೇ ಫೋನ್ ಮಾಡಬಹುದಿತ್ತಪ್ಪ’ ಎಂದರು. ನಾನು ಬಾಯಿ ತೆರೆಯುವ ಮೊದಲೇ ಮೂಲೆಯಿಂದ ಅತ್ತೆಯವರು, ‘ದುಡ್ಡು ಕೊಡೋರು ಯಾರೋ?’ ಎಂದುಬಿಟ್ಟರು. ಪೇಪರ್ ಮತ್ತೆ ಮೇಲಕ್ಕೆ ಹೋಯಿತು.

ಆದರೆ ಚಿತ್ರ ಮುಗಿದ ಮೇಲೆ ಅದೇ ಅತ್ತೆಯವರ ಅಭಿಪ್ರಾಯ ಕೇಳಿ: ‘ಇದರಲ್ಲಿ ಕಥೆ ಎಲ್ಲಿದೆ? ದಿನಾ ಇರೋದೇ ಅಲ್ವೇನೇ?’ ಇದಕ್ಕಿಂತ ದೊಡ್ಡ ವಿಮರ್ಶೆಯನ್ನು ಯಾವ ಪತ್ರಿಕೆಯೂ ಬರೆದಿರಲಾರದು.

ಕೊನೆಯಲ್ಲಿ ಆ ಸೊಸೆ ಸಿಂಕಿನ ಕೊಳಕು ನೀರನ್ನೇ ಗಂಡ, ಮಾವನ ಮೇಲೆ ಎರಚಿ ಹೊರಟುಹೋಗುತ್ತಾಳೆ. ಎದುರುಮನೆಯಾಕೆಗೆ ಅದು ಅತಿಯಾಯಿತು ಅನ್ನಿಸಿತಂತೆ. ನನಗೆ ಆ ನೀರಿಗಿಂತ ಅದರ ನಂತರದ ಸಣ್ಣ ದೃಶ್ಯ ಹಿಡಿಸಿತು. ಅವಳು ತೌರಿಗೆ ಬಂದು ಕುಳಿತಿದ್ದಾಳೆ. ತಮ್ಮ ಹೊರಗಿನಿಂದ ಬಂದವನೇ ನೀರು ಕೇಳುತ್ತಾನೆ, ತಂಗಿ ಎದ್ದು ಹೊರಡುತ್ತಾಳೆ. ‘ನೀನೇ ಹೋಗಿ ಕುಡಿಯೋ!’ ಅಂತ ಇವಳು ಗದರುತ್ತಾಳೆ. ಗಂಡನ ಮನೆಯ ಕೊಳವೆ ಸೋರಲು ಶುರುವಾಗುವುದು ಎಲ್ಲಿಂದ ಅಂತ ಅಷ್ಟರಲ್ಲೇ ಹೇಳಿಬಿಟ್ಟರು.

ಒಂದು ತಕರಾರು ಮಾತ್ರ ಉಂಟು. ಆ ಅಡುಗೆಮನೆಯಲ್ಲಿ ನಗುವೇ ಇಲ್ಲ. ನಮ್ಮ ಅಡುಗೆಮನೆಗಳಲ್ಲಿ ಎಷ್ಟೇ ಕೆಲಸವಿರಲಿ, ಓರಗಿತ್ತಿಯ ಜೊತೆ ಕಿಸಿಕಿಸಿ ನಗು, ರೇಡಿಯೋದ ಹಾಡು, ಬಸಿದ ಗಂಜಿಗೆ ಉಪ್ಪು ಹಾಕಿಕೊಂಡು ಕದ್ದು ಕುಡಿಯುವ ಸುಖ ಇವೂ ಇರುತ್ತವಲ್ಲ. ಅವನ್ನೂ ಒಂದಿಷ್ಟು ಸೇರಿಸಿದ್ದರೆ ಕಥೆ ಇನ್ನೂ ನಿಜವಾಗುತ್ತಿತ್ತು. ಇದೇ ಕಥೆ 2025ರಲ್ಲಿ ಹಿಂದಿಯಲ್ಲಿ ‘ಮಿಸೆಸ್’ ಅಂತ ಬಂತು. ಸಾನ್ಯಾ ಮಲ್ಹೋತ್ರಾ ಚೆನ್ನಾಗಿಯೇ ಮಾಡಿದ್ದಾಳೆ. ಅಲ್ಲಿ ಗಂಡ ಹೆಂಗಸರ ಕಾಯಿಲೆಗಳ ಡಾಕ್ಟರು, ಆದರೂ ಮನೆಯ ಹೆಂಗಸಿನ ಸುಸ್ತು ಅವನಿಗೆ ಕಾಣದು ಅನ್ನುವ ಚುಚ್ಚು ಹೊಸದು. ಉಳಿದಂತೆ ಪಾತ್ರೆಗಳಿಗೆ ಹೊಳಪು ಹೆಚ್ಚು, ಮಸಿ ಕಡಿಮೆ. ಎರಡರಲ್ಲಿ ಒಂದನ್ನೇ ನೋಡುವುದಾದರೆ ಮಲಯಾಳದ್ದನ್ನೇ ನೋಡಿ.

ಇಷ್ಟು ಬಿಗಿಯಾದದ್ದು ಬೇಡ, ಮಕ್ಕಳ ಜೊತೆ ಕೂತು ನಗುತ್ತಾ ನೋಡಬೇಕು ಅನ್ನುವವರಿಗೆ 2024ರ ‘ಲಾಪತಾ ಲೇಡೀಸ್’ ಇದೆ. ಕಿರಣ್ ರಾವ್ ನಿರ್ದೇಶನ. ರೈಲಿನಲ್ಲಿ ಇಬ್ಬರು ಮದುಮಗಳಂದಿರು, ಇಬ್ಬರಿಗೂ ಮುಖದ ತುಂಬ ಮುಸುಕು. ಕತ್ತಲಲ್ಲಿ ಗಂಡ ತನ್ನವಳೆಂದು ಇನ್ನೊಬ್ಬಳನ್ನು ಇಳಿಸಿಕೊಂಡು ಹೋಗುತ್ತಾನೆ. ಉಳಿದವಳು ಫೂಲ್, ಗೊತ್ತಿಲ್ಲದ ಊರಿನ ಸ್ಟೇಷನ್ನಿನಲ್ಲಿ ಒಬ್ಬಂಟಿ. ಗಂಡನ ಊರಿನ ಹೆಸರು ಗೊತ್ತಿಲ್ಲ, ಅದೊಂದು ಹೂವಿನ ಹೆಸರು ಅನ್ನೋದಷ್ಟೇ ನೆನಪು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ! ಇದನ್ನು ನೋಡಿ ನನ್ನ ಮಗಳು ಬಿದ್ದು ಬಿದ್ದು ನಕ್ಕಳು. ಅವಳಜ್ಜಿ ನಗಲಿಲ್ಲ. ಓಟಿನ ಚೀಟಿ ಬರೆಯುವವರು ಬಂದು ಯಜಮಾನರ ಹೆಸರು ಕೇಳಿದರೆ ಇವರು ಪಕ್ಕದ ಮನೆಯ ಹುಡುಗನನ್ನು ಕರೆದು ಹೇಳಿಸುತ್ತಿದ್ದರಂತೆ. ಉತ್ತರ ಕರ್ನಾಟಕದ ಕಡೆಯವರಿಗಾದರೆ ಒಡಪಿನೊಳಗೆ ಹೆಸರಿಟ್ಟು ಹೇಳುವ ಜಾಣತನವಿದೆ. ನಮ್ಮ ಕಡೆ ‘ನಮ್ಮವರು’ ಅಂದರೆ ಮುಗಿಯಿತು.

ಆ ಸ್ಟೇಷನ್ನಿನಲ್ಲಿ ಚಹಾದ ಅಂಗಡಿ ನಡೆಸುವ ಮಂಜೂಮಾಯಿ ಅಂತ ಒಬ್ಬಾಕೆ. ಛಾಯಾ ಕದಂ ಮಾಡಿದ್ದಾಳೆ. ಹೊಡೆಯುತ್ತಿದ್ದ ಗಂಡ, ಮಗ ಇಬ್ಬರನ್ನೂ ಹೊರಗಟ್ಟಿ ಒಂಟಿಯಾಗಿರುವ ಗಟ್ಟಿ ಹೆಂಗಸು. ತನಗೆ ಅಡುಗೆ, ಹೊಲಿಗೆ, ಪೂಜೆ ಎಲ್ಲ ಬರುತ್ತದೆಂದು ಫೂಲ್ ಹೆಮ್ಮೆಯಿಂದ ಹೇಳಿಕೊಂಡರೆ, ಮನೆಗೆ ಹೋಗುವ ದಾರಿ ಗೊತ್ತೇ ಅಂತ ಈಕೆಯ ಪ್ರಶ್ನೆ. ಆಮೇಲೆ ಹುಡುಗಿ ಅಂಗಡಿಯಲ್ಲಿ ಕಲಾಕಂದ ಮಾಡುತ್ತಾಳೆ. ಗಿರಾಕಿಗಳಿಗೆ ಹಿಡಿಸುತ್ತದೆ. ಮಂಜೂಮಾಯಿ ಕೂಲಿಯೆಂದು ಒಂದಿಷ್ಟು ನೋಟು ಅವಳ ಕೈಯಲ್ಲಿಡುತ್ತಾಳೆ. ಆ ಹುಡುಗಿ ನೋಟನ್ನು ನೋಡುವ ಪರಿ ನೋಡಬೇಕು. ಹಪ್ಪಳ ಮಾರಿ ಮೊದಲ ಸಲ ದುಡ್ಡು ಎಣಿಸಿದವರಿಗೆಲ್ಲ ಆ ಮುಖದ ಪರಿಚಯವಿದೆ.

ಇತ್ತ ಗಂಡನ ಮನೆಗೆ ಬಂದುಬಿಟ್ಟ ಇನ್ನೊಬ್ಬಳು, ಜಯಾ. ಓದಬೇಕೆಂಬ ಆಸೆಯವಳು. ಆ ಮನೆಯಲ್ಲಿ ಒಮ್ಮೆ ಕಮಲದ ದಂಟಿನ ಪಲ್ಯದ ಮಾತು ಬರುತ್ತದೆ. ಮನೆಯವರಿಗೆ ಸೇರುವುದಿಲ್ಲವೆಂದು ಅಲ್ಲಿನ ಅತ್ತೆ ಅದನ್ನು ಮಾಡುವುದನ್ನೇ ಬಿಟ್ಟಿದ್ದಾಳೆ. ತನಗೆ ಏನು ಇಷ್ಟ ಅನ್ನೋದೇ ಈಗ ಅವಳಿಗೆ ನೆನಪಿಲ್ಲ. ಎರಡು ನಿಮಿಷದ ಮಾತು, ಅಷ್ಟೇ. ನನ್ನ ಮಗಳು ಅಜ್ಜಿಗೆ ಹಿಂದಿಯನ್ನು ಕನ್ನಡ ಮಾಡಿ ಹೇಳುತ್ತಿದ್ದವಳು ಅಲ್ಲೇ ನಿಲ್ಲಿಸಿ, ‘ಅಜ್ಜಿ, ನಿಂಗೇನಿಷ್ಟ?’ ಅಂತ ಕೇಳಿದಳು.

‘ನಿಮ್ಮ ತಾತಂಗೆ ಮಜ್ಜಿಗೆಹುಳಿ ಅಂದ್ರೆ ಪ್ರಾಣ. ನಿಮ್ಮಪ್ಪಂಗೆ ವಾಂಗೀಭಾತು.’

‘ತಾತಂದಲ್ಲ ಅಜ್ಜಿ. ನಿಂದು.’

‘ನಂಗೇನೇ, ಎಲ್ಲಾ ಆಗತ್ತೆ.’

ಚಿತ್ರ ಮುಂದುವರಿಯಿತು. ಎರಡು ದಿನ ಕಳೆದ ಮೇಲೆ ಹುರಳಿಕಾಯಿ ನಾರು ತೆಗೆಯುತ್ತ ಕೂತಿದ್ದವರು ಇದ್ದಕ್ಕಿದ್ದಂತೆ, ‘ಹಾಗಲಕಾಯಿ ಗೊಜ್ಜು ಕಣೇ’ ಎಂದರು. ನನಗೆ ಒಂದು ಕ್ಷಣ ಏನೆಂದು ಹೊಳೆಯಲೇ ಇಲ್ಲ. ‘ನಮ್ಮಮ್ಮ ಮಾಡ್ತಿದ್ರು. ಈ ಮನೇಲಿ ಯಾರೂ ಮುಟ್ಟಲ್ಲ. ನನ್ನೊಬ್ಬಳಿಗೋಸ್ಕರ ಯಾಕೆ ಒಲೆ ಹಚ್ಚೋದು ಅಂತ...’ ಅವರು ಈ ಮನೆಗೆ ಸೊಸೆಯಾಗಿ ಬಂದು ಅರವತ್ತು ವರ್ಷ.

ಮಾಡಿದೆವು. ನಾನು ಹಾಗಲಕಾಯಿಗೆ ಉಪ್ಪು ಸವರಿ ಹಿಂಡಲು ಹೊರಟರೆ ಅವರು ಕೈ ಹಿಡಿದರು. ‘ಹಿಂಡಬೇಡ, ಕಹಿಯೆಲ್ಲ ಹೋದರೆ ಅದನ್ಯಾಕೆ ತಿನ್ನೋದು?’ ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಕೆಂಪಗೆ ಹುರಿದು, ಗಟ್ಟಿಯಾಗಿ ಕಿವುಚಿದ ಹುಣಿಸೆರಸ, ಸಾರಿನ ಪುಡಿ, ಉಪ್ಪು ಹಾಕಿ ಕುದಿಸಿ, ಹುರಿದ ಎಳ್ಳಿನ ಪುಡಿ ಉದುರಿಸಬೇಕು. ಬೆಲ್ಲ ಒಂದು ಚೂರು, ಹೆಸರಿಗೆ ಮಾತ್ರ. ಒಗ್ಗರಣೆಗೆ ಇಂಗು ಮುಂದಾಗಿರಲಿ. ನಮ್ಮವರು ಮೊಸರನ್ನ ಕಲಸಿಕೊಂಡರು. ಅತ್ತೆಯವರು ಎರಡನೆಯ ಸಲ ಬಡಿಸಿಕೊಂಡರು. ಬಡಿಸಿಕೊಂಡು ಸುತ್ತ ಒಮ್ಮೆ ನೋಡಿದರು, ಯಾರಾದರೂ ಏನಾದರೂ ಅಂದುಕೊಂಡಾರೆಯೇ ಎಂಬಂತೆ.

ಹಿಂದಿಯ ಮಾತು ಬಂದಾಗ 2012ರ ‘ಇಂಗ್ಲಿಷ್ ವಿಂಗ್ಲಿಷ್’ ನೆನೆಯದಿರಲಾಗದು. ಶ್ರೀದೇವಿ ಬಹುಕಾಲದ ಮೇಲೆ ಮತ್ತೆ ಬಣ್ಣ ಹಚ್ಚಿದ ಚಿತ್ರ. ಈಗ ಆಕೆಯೇ ಇಲ್ಲ, 2018ರಲ್ಲಿ ಹೋದರು. ಶಶಿ ಮನೆಯಲ್ಲೇ ಲಾಡು ಕಟ್ಟಿ ಮಾರುವ ಗೃಹಿಣಿ. ಇಂಗ್ಲಿಷ್ ಬರುವುದಿಲ್ಲವೆಂದು ಗಂಡನಿಗೂ ಮಗಳಿಗೂ ತಾತ್ಸಾರ. ಅಮೆರಿಕಕ್ಕೆ ಹೋಗಿ ಗುಟ್ಟಾಗಿ ಇಂಗ್ಲಿಷ್ ಕಲಿಯುತ್ತಾಳೆ. ಕೊನೆಯ ಪರೀಕ್ಷೆಯ ದಿನವೇ ಅಕ್ಕನ ಮಗಳ ಮದುವೆ. ಕಟ್ಟಿಟ್ಟ ಲಾಡೆಲ್ಲ ಮಗನ ಕೈ ತಗುಲಿ ಹಾಳಾಗುತ್ತದೆ. ಪರೀಕ್ಷೆಯೋ, ಲಾಡೋ? ಅವಳು ಪರೀಕ್ಷೆ ಬಿಟ್ಟು ಮತ್ತೆ ಲಾಡು ಕಟ್ಟಲು ಕೂರುತ್ತಾಳೆ. ಮಗಳಿಗೆ ಇದು ಸರಿಬೀಳಲಿಲ್ಲ, ‘ಅಂಗಡಿಯಿಂದ ತರಿಸಬಹುದಿತ್ತಲ್ಲ’ ಎಂದಳು. ನಾನು ಶಶಿಯ ಕಡೆ. ಇಂಗ್ಲಿಷನ್ನು ಅವಳು ಹೇಗೂ ಕಲಿತಾಗಿತ್ತು, ಮಾಸ್ತರರ ಚೀಟಿ ಒಂದು ಬಾಕಿ. ಲಾಡು ಅವಳ ಸ್ವಂತ ವಿದ್ಯೆ. ಅದನ್ನು ಅಂಗಡಿಯಿಂದ ಯಾಕೆ ತರಿಸಬೇಕು?

ಟಾಕೀಸಿಗೆ ಹೋಗಿ ನೋಡಿದ್ದು ಒಂದೇ. 2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’. ಜೆ.ಪಿ. ತುಮಿನಾಡು ಬರೆದು ನಿರ್ದೇಶಿಸಿ ನಟಿಸಿದ ಕರಾವಳಿಯ ಹಳ್ಳಿಯ ಕಥೆ. ಹೊಟ್ಟೆ ಹುಣ್ಣಾಗುವಷ್ಟು ನಗು. ಅಶೋಕನೆಂಬ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆಂದು ಊರೆಲ್ಲ ನಂಬುತ್ತದೆ. ನನ್ನ ಅಡುಗೆಮನೆಯ ಲೆಕ್ಕಕ್ಕೆ ಇದರಲ್ಲಿ ಏನೂ ಸಿಗಲಿಲ್ಲ. ಆದರೆ ನಗುನಗುತ್ತಲೇ ಅನ್ನಿಸಿದ್ದು ಇದು: ಗಂಡಸಿನ ಮೈಮೇಲೆ ಬಂದು ಮಾತಾಡಿದಾಗ ಆ ಸುಲೋಚನೆಯ ಮಾತಿಗೆ ಇಡೀ ಊರು ಕೈಕಟ್ಟಿ ನಿಂತಿತು. ಬದುಕಿದ್ದಾಗ ಇಷ್ಟು ಜನ ಕೇಳಿದ್ದರೇ ಪಾಪ?

ಇನ್ನು ನಮ್ಮ ಹಳೆಯ ಕನ್ನಡ ಚಿತ್ರಗಳಿಗೆ ಬರೋಣ. ಹೊಸದನ್ನು ನೋಡಿದ ಕಣ್ಣಿನಲ್ಲಿ ಹಳೆಯದನ್ನು ಮತ್ತೆ ನೋಡಿದರೆ ಬೇರೆಯೇ ಕಾಣುತ್ತದೆ. ‘ಬೆಳ್ಳಿ ಮೋಡ’ 1967ರದ್ದು, ‘ಶರಪಂಜರ’ 1971ರದ್ದು. ಎರಡೂ ತ್ರಿವೇಣಿಯವರ ಕಾದಂಬರಿ, ಎರಡೂ ಪುಟ್ಟಣ್ಣ ಕಣಗಾಲರ ನಿರ್ದೇಶನ, ಎರಡರಲ್ಲೂ ಕಲ್ಪನಾ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ, ಬಾಣಂತಿಯಾಗಿದ್ದಾಗ. ಎರಡು ಚಿತ್ರಗಳನ್ನೂ ಅವರು ನೋಡಲಿಲ್ಲ. ‘ಶರಪಂಜರ’ದ ಕಾವೇರಿಯ ಮನಸ್ಸು ಕೆಡುವುದೂ ಹೆರಿಗೆಯ ನಂತರವೇ ಅನ್ನುವುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಅವಳು ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಬರುತ್ತಾಳೆ. ಬಂದ ಮೇಲೆ ಅವಳು ನಕ್ಕರೆ ಹುಚ್ಚು, ಸಿಟ್ಟಾದರೆ ಹುಚ್ಚು. ತನ್ನ ಮನೆಯಲ್ಲೇ ಅವಳನ್ನು ಎಲ್ಲರೂ ಓರೆಗಣ್ಣಿನಿಂದ ನೋಡುವವರೇ. ಬಾಣಂತಿಗೆ ಮೈಗೆ ಎಣ್ಣೆ ನೀರು ಎರೆಯುವಷ್ಟೇ ಮನಸ್ಸಿನ ಕಡೆಗೂ ಕಣ್ಣಿಡಬೇಕು, ತಡಮಾಡದೆ ಡಾಕ್ಟರಿಗೆ ತೋರಿಸಬೇಕು ಅಂತ ಇವತ್ತು ಆಸ್ಪತ್ರೆಯವರು ಹೇಳುತ್ತಾರೆ. ಮನೆಯಲ್ಲಿ ಹೊಸ ಬಾಣಂತಿಯಿದ್ದರೆ ಈ ಚಿತ್ರವನ್ನು ಅವಳಿಗಲ್ಲ, ಅವಳ ಗಂಡನಿಗೂ ಅತ್ತೆಗೂ ತೋರಿಸಿ.

‘ಬೆಳ್ಳಿ ಮೋಡ’ದ ಇಂದಿರೆಯ ವಿಷಯಕ್ಕೆ ನಮ್ಮ ಮನೆಯಲ್ಲಿ ಹಳೆಯ ಜಗಳವಿದೆ. ಅವಳ ತಂದೆಗೆ ಗಂಡು ಮಗು ಹುಟ್ಟಿ ಆಸ್ತಿ ಕೈತಪ್ಪಿತೆಂದು ಮೋಹನ ಮದುವೆ ಬೇಡ ಎನ್ನುತ್ತಾನೆ. ಆಮೇಲೆ ಪೆಟ್ಟು ಬಿದ್ದು ಅದೇ ಮನೆಯಲ್ಲಿ ಮಲಗುತ್ತಾನೆ, ಇಂದಿರೆ ಶುಶ್ರೂಷೆ ಮಾಡುತ್ತಾಳೆ. ಮನಸ್ಸು ಕರಗಿ ಅವನು ಮತ್ತೆ ಕೇಳಿದರೆ ಅವಳು ಒಲ್ಲೆ ಎನ್ನುತ್ತಾಳೆ. ‘ಅಷ್ಟು ಚೆನ್ನಾಗಿ ನೋಡಿಕೊಂಡವಳು ಒಪ್ಪಿಕೊಳ್ಳಬಾರದಿತ್ತೇ?’ ಅನ್ನೋದು ನಮ್ಮವರ ವಾದ. ಹೆಂಗಸು ಹಾಸಿಗೆ ಪಕ್ಕ ಕೂತು ಔಷಧಿ ಕೊಟ್ಟ ಮಾತ್ರಕ್ಕೆ ಮನಸ್ಸನ್ನೂ ಕೊಟ್ಟಳು ಅಂತ ಲೆಕ್ಕ ಹಾಕಿಬಿಡುತ್ತಾರಲ್ಲ, ಆ ಲೆಕ್ಕವನ್ನು 1967ರಲ್ಲೇ ತಪ್ಪಿಸಿದವಳು ಇಂದಿರೆ.

ಹಳೆಯ ಚಿತ್ರಗಳ ಪೈಕಿ ನನ್ನನ್ನು ಬಹಳ ಹೊತ್ತು ಸುಮ್ಮನೆ ಕೂರಿಸಿದ್ದು ‘ಫಣಿಯಮ್ಮ’. ಎಂ.ಕೆ. ಇಂದಿರಾ ಅವರ ಕಾದಂಬರಿ, 1983ರಲ್ಲಿ ಪ್ರೇಮಾ ಕಾರಂತರು ಚಿತ್ರ ಮಾಡಿದರು. ಎಲ್.ವಿ. ಶಾರದಾ ಫಣಿಯಮ್ಮ. ಇಂದಿರಾ ಅವರು ತಮ್ಮ ಬಂಧುಬಳಗದಲ್ಲೇ ಬಾಳಿದ್ದ ಒಬ್ಬಾಕೆಯ ಬದುಕನ್ನು ಕಾದಂಬರಿ ಮಾಡಿದ್ದು. ಮದುವೆ ಅಂದರೇನೆಂದು ತಿಳಿಯುವ ಮೊದಲೇ ವಿಧವೆ. ತಲೆ ಬೋಳಿಸಿ, ಮಡಿ ಉಡಿಸಿ, ಒಪ್ಪತ್ತು ಊಟಕ್ಕೆ ಇಳಿಸಿದರು. ತಾನು ಒಂದು ಹೊತ್ತು ಉಂಡು ಮನೆಮಂದಿಗೆಲ್ಲ ಮೂರು ಹೊತ್ತು ಬೇಯಿಸಿ ಹಾಕುವ ಜೀವ. ದೊಡ್ಡ ಮಾತಿಲ್ಲ, ಅಳುವಿಲ್ಲ. ಜಾತಿ ನೋಡದೆ ಹೋಗಿ ಹೆರಿಗೆ ಮಾಡಿಸಿ ಬರುತ್ತಾಳೆ. ದಾಕ್ಷಾಯಣಿಯೆಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಲ್ಲೆನೆಂದಾಗ ಅವಳ ಪರ ನಿಲ್ಲುತ್ತಾಳೆ.

ಅರ್ಧ ನೋಡಿ ಅತ್ತೆಯವರು ಎದ್ದು ಒಳಗೆ ಹೋದರು. ಸಂಜೆ ತಾವಾಗಿ ಹೇಳಿದರು. ಅವರ ಸೋದರತ್ತೆಯೊಬ್ಬರು ಹೀಗೇ ಇದ್ದರಂತೆ. ‘ಕೆಂಪು ಸೀರೆ ಉಟ್ಕೊಂಡು ಮದುವೆ ಮನೆ ಒಲೆ ಮುಂದೆ ಮೂರು ದಿನ ನಿಲ್ಲೋರು. ಅವರು ಚಿರೋಟಿ ಕರಿದರೆ ಪದರ ಪದರ ಬಿಡೋದು. ಅವರು ಎಲೆ ಮುಂದೆ ಕೂತಿದ್ದು ಮಾತ್ರ ನಾನು ನೋಡ್ಲೇ ಇಲ್ಲ ಕಣೇ. ಧಾರೆ ಹೊತ್ತಿಗೆ ಹಿತ್ತಲಿಗೆ ಹೋಗಿಬಿಡೋರು.’ ಆ ಸೋದರತ್ತೆಯ ಹೆಸರೇನು ಅಂತ ಕೇಳಿದೆ. ಎಲ್ಲರೂ ‘ಮಡಿಯಮ್ಮ’ ಅಂತಲೇ ಕರೆಯುತ್ತಿದ್ದರಂತೆ. ನಿಜವಾದ ಹೆಸರು ನೆನಪಿಗೆ ಬರಲಿಲ್ಲ.

ಈ ಸಾಲಿನಲ್ಲೇ ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ವನ್ನೂ ಇಡುತ್ತೇನೆ. ನಾ. ಡಿಸೋಜರ ಕಾದಂಬರಿ. ಸೌಂದರ್ಯ ತಾವೇ ಹಣ ಹಾಕಿ, ತಾವೇ ನಟಿಸಿದ ಚಿತ್ರ. ಅಣೆಕಟ್ಟಿನ ನೀರು ಏರುತ್ತಿದೆ, ಊರವರೆಲ್ಲ ಮನೆ ಬಿಟ್ಟು ಹೋಗಿದ್ದಾರೆ. ಗುಡ್ಡದ ಮೇಲೆ ಉಳಿದದ್ದು ನಾಗಿ, ಗಂಡ ಗಣಪ, ಮುದುಕ ಮಾವ. ಸೌಂದರ್ಯ ಸುಣ್ಣಬಣ್ಣವಿಲ್ಲದ ಮುಖದಲ್ಲಿ, ಒದ್ದೆ ಸೀರೆಯಲ್ಲಿ, ಮಳೆಯಲ್ಲೇ ಒಲೆ ಉರಿಸುತ್ತ, ಮನೆ ನಿಲ್ಲಿಸಲು ಹೆಣಗುವುದನ್ನು ನೋಡಬೇಕು. ಆ ಹಸಿ ಸೌದೆಯ ಹೊಗೆ ನನ್ನ ಕಣ್ಣಿಗೂ ತಾಗಿದ ಹಾಗಾಯಿತು. ಕೊನೆಗೆ ಮಳೆ ನಿಲ್ಲುತ್ತದೆ, ಮನೆ ಉಳಿಯುತ್ತದೆ, ಜೀವಗಳು ಉಳಿಯುತ್ತವೆ. ಆಗ ಗಂಡ ಏನಂತಾನೆ ಗೊತ್ತೇ? ಎಲ್ಲ ದೇವರ ದಯೆ ಅಂತ. ಹಗಲುರಾತ್ರಿ ಒದ್ದಾಡಿದವಳು ಎದುರಿಗೇ ನಿಂತಿದ್ದಾಳೆ! ದೇವರ ದಯೆ ಇಲ್ಲ ಅಂತ ಯಾರು ಹೇಳಿದರು? ಆದರೂ ‘ನೀನಿದ್ದಿದ್ದಕ್ಕೆ ಆಯ್ತು ನಾಗಿ’ ಅಂತ ಒಂದು ಮಾತು ಆಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆಗಿನ ಸೌಂದರ್ಯಳ ಮುಖ ನೋಡಿದ ಮೇಲೆ ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. 2004ರ ಏಪ್ರಿಲಿನಲ್ಲಿ ವಿಮಾನ ಅಪಘಾತದಲ್ಲಿ ಆಕೆ ಹೋದಾಗ ಊರೆಲ್ಲ ಅತ್ತಿತ್ತು. ಆಕೆಯ ಬೇರೆ ಚಿತ್ರಗಳನ್ನು ಹತ್ತು ಸಲ ನೋಡಿದವರು ಇದನ್ನು ಒಂದು ಸಲ ನೋಡಿ.

ಮುಂದಿನ ಪಾಳಿ ‘ಹಸೀನಾ’ದ್ದು. ಅದೂ ಕಾಸರವಳ್ಳಿಯವರದೇ, 2004ರದ್ದು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಆಟೋ ಓಡಿಸುವ ಗಂಡ ಬಿಟ್ಟುಹೋದ ಮೇಲೆ ಮಸೀದಿಯ ಮುಂದೆ ಹೋಗಿ ನ್ಯಾಯ ಕೇಳುವ ಹೆಂಗಸಿನ ಕಥೆ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ಮೂಲ ಕಥೆ ಹಾಸನದ ಬಾನು ಮುಷ್ತಾಕರ ‘ಕರಿ ನಾಗರಗಳು’. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ, ದೀಪಾ ಭಾಸ್ತಿಯವರ ಇಂಗ್ಲಿಷಿನಲ್ಲಿ, ಅದೇ ಕಥೆ ಇದೆ. ನಾನು ಮೊದಲು ಕನ್ನಡದಲ್ಲೇ ಓದಿ ಆಮೇಲೆ ಚಿತ್ರ ನೋಡೋಣವೆಂದು ಊರಿನ ಲೈಬ್ರರಿಗೆ ಹೋಗಿದ್ದೆ. ಇರುವುದು ಒಂದೇ ಪ್ರತಿ, ಅದನ್ನೂ ಯಾರೋ ಒಯ್ದಿದ್ದಾರೆ. ನನಗಿಂತ ಮುಂದೆ ಇನ್ನೂ ಐದು ಜನ ಹೆಸರು ಬರೆಸಿದ್ದಾರೆ, ಐದೂ ಹೆಂಗಸರದೇ.